ಅಂಗಳಕ್ಕೆ ಅಲಂಕಾರದ ಕಾಂಕ್ರೀಟು: ಎಲ್ಲಿ ಸರಿ, ಎಲ್ಲಿ ದುಂದು?

ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ ಸೀಮೆಯ ಸುಣ್ಣಕಲ್ಲಿಗೆ ಎರಡು ದಾರಿಗಳಿವೆ. ಪದರಪದರವಾಗಿ ಏಳುವ ಕಲ್ಲು ಫರಸಿಯಾಗಿ ಲಾರಿ ಹತ್ತುತ್ತದೆ. ಇನ್ನೊಂದಷ್ಟು ಸಿಮೆಂಟ್ ಕಾರ್ಖಾನೆಯ ಗೂಡು ಸೇರಿ, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಉರಿಯಲ್ಲಿ ಬೆಂದು, ಪುಡಿಯಾಗಿ ಚೀಲ ತುಂಬುತ್ತದೆ. ಆ ಚೀಲವನ್ನು ಬೆಂಗಳೂರಿನ ಒಂದು ಮನೆಯ ತೋಟದಲ್ಲಿ ಬಿಚ್ಚಿ, ಜಲ್ಲಿ ಮರಳು ಬೆರೆಸಿ ಹಾಸಿ, ಮೇಲೆ ಬಣ್ಣದ ಪುಡಿ ಎರಚಿ, ರಬ್ಬರ್ ಅಚ್ಚು ಒತ್ತಿದರೆ ಕೊನೆಗೆ ಕಾಣುವುದು ಫರಸಿ ಹಾಸಿದಂಥದ್ದೇ ನೆಲ. ಕಲ್ಲನ್ನು ಸುಟ್ಟು ಮತ್ತೆ ಅದಕ್ಕೆ ಕಲ್ಲಿನ ವೇಷ ಹಾಕಿಸುವ ಈ ಸುತ್ತುದಾರಿಗೆ ದುಡ್ಡು ಸುರಿಯುವುದು ಯಾವಾಗ ಸರಿ, ಯಾವಾಗ ದುಂದು?

ಮನೆಯ ಕೆಲಸವೆಲ್ಲ ಮುಗಿದು, ಕೈಯಲ್ಲಿನ ಹಣವೂ ತಾಳ್ಮೆಯೂ ತೀರುವ ಹೊತ್ತಿಗೆ ಅಂಗಳದ ಮಾತು ಬರುತ್ತದೆ. ಗುತ್ತಿಗೆದಾರರು ಮೊಬೈಲಿನಲ್ಲಿ ಹತ್ತಾರು ಚಿತ್ರ ತೋರಿಸುತ್ತಾರೆ. ಎಲ್ಲವೂ ಹಾಸಿದ ವಾರದಲ್ಲಿ ತೆಗೆದವು. ಐದು ಮಳೆಗಾಲ ಕಂಡ ಅಂಗಳದ ಚಿತ್ರ ಅದರಲ್ಲಿ ಇರುವುದಿಲ್ಲ. ಹಾಗಾಗಿ ಆಯ್ಕೆ ವಿನ್ಯಾಸದ ಮೇಲೆ ನಿಲ್ಲುತ್ತದೆ, ನೆಲದ ಬಾಳಿಕೆಯನ್ನು ನಿರ್ಧರಿಸುವ ಮಣ್ಣು, ನೀರು, ಸಂದುಗಳು ಮೇಸ್ತ್ರಿಯ ಪಾಲಿಗೆ ಉಳಿಯುತ್ತವೆ. ಈ ಲೇಖನದ ವಾದ ಇಷ್ಟು: ಕಲ್ಲು ಹೇರಳವಾಗಿ ಸಿಗುವ ನಮ್ಮ ನಾಡಿನಲ್ಲಿ ಕಲ್ಲಿನ ನಕಲು ಮಾಡಲು ಕಾಂಕ್ರೀಟು ಬೇಕಾಗಿಲ್ಲ. ಕಲ್ಲಿಗೆ ಆಗದ ಕೆಲಸ ಅದಕ್ಕೆ ಬರುತ್ತದೆ. ಆ ಕೆಲಸಕ್ಕೆ ಕರೆದಾಗ ಮಾತ್ರ ಅದು ಕೊಟ್ಟ ಹಣಕ್ಕೆ ಬಾಳುತ್ತದೆ.

ತೋಟದಲ್ಲೇ ಹುಟ್ಟಿದ ಬಳಗ

ಕಾಂಕ್ರೀಟಿಗೂ ತೋಟಕ್ಕೂ ಇರುವ ನಂಟು ಹಳೆಯದು. ಕಬ್ಬಿಣದ ಜಾಲರಿಗೆ ಸಿಮೆಂಟ್ ಮೆತ್ತುವ ವಿಧಾನಕ್ಕೆ 1867ರಲ್ಲಿ ಪೇಟೆಂಟ್ ಪಡೆದ ಫ್ರಾನ್ಸಿನ ಜೋಸೆಫ್ ಮೋನಿಯೆ ತೋಟಗಾರನಾಗಿದ್ದ; ಮಣ್ಣಿನ ಕುಂಡಗಳು ಒಡೆಯುವ ಕಾಟಕ್ಕೆ ಮದ್ದು ಹುಡುಕುತ್ತಿದ್ದ. ಕಾಂಕ್ರೀಟಿನ ಮುಖ ತೊಳೆದು ಒಳಗಿನ ಕಲ್ಲನ್ನೇ ಅಂದವಾಗಿ ಕಾಣಿಸುವ ಕಲೆಯನ್ನು ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ತೋರಿಸಿದವನು ಜಾನ್ ಜೋಸೆಫ್ ಅರ್ಲಿ. 1910ರ ದಶಕದಲ್ಲಿ ಶುರುವಾದ ವಾಷಿಂಗ್ಟನ್ನಿನ ಮೆರಿಡಿಯನ್ ಹಿಲ್ ಉದ್ಯಾನದ ಗೋಡೆಗಳು ಅವನ ಕೈಕೆಲಸ.

ಅಚ್ಚೊತ್ತುವ ಕಾಂಕ್ರೀಟು ಬಂದದ್ದು ಇನ್ನೂ ತಡವಾಗಿ. ಎರಡನೆಯ ಮಹಾಯುದ್ಧದ ನಂತರ ಕ್ಯಾಲಿಫೋರ್ನಿಯದ ಮನೆಗಳಲ್ಲಿ ತೋಟವೆಂದರೆ ಊಟ, ಹರಟೆ, ಈಜುಕೊಳಗಳ ಬಯಲುಕೋಣೆ ಎಂಬ ಕಲ್ಪನೆ ಬೆಳೆಯಿತು. ಥಾಮಸ್ ಚರ್ಚ್ 1948ರಲ್ಲಿ ಸೊನೋಮಾದಲ್ಲಿ ರೂಪಿಸಿದ ಡಾನೆಲ್ ತೋಟ ಅದರ ಹೆಸರಾಂತ ಮಾದರಿ. ಇಂಥ ಬಯಲುಕೋಣೆಗಳಿಗೆ ಬೇಗ ಹಾಸಬಲ್ಲ, ಚೆಂದದ ನೆಲ ಬೇಕಿತ್ತು. ಒಂದೊಂದೇ ಕಲ್ಲು ಕಡಿದು ಹಾಸುವ ಕೂಲಿ ಅಲ್ಲಿ ದುಬಾರಿ. 1950ರ ದಶಕದ ಮಧ್ಯದಲ್ಲಿ ಮಾಂಟೆರೆ ಸೀಮೆಯ ಬ್ರಾಡ್ ಬೋಮನ್ ಹಸಿ ಕಾಂಕ್ರೀಟಿನ ಮೇಲೆ ಅಚ್ಚು ಒತ್ತುವ ಉಪಾಯವನ್ನು ಬೆಳೆಸಿದ. ಬೋಮನೈಟ್ ಎಂಬ ಹೆಸರಿನಲ್ಲಿ ಅದು ಊರೂರು ತಿರುಗಿತು.

ಹುಟ್ಟಿನ ಈ ಕಾರಣ ನಮಗೆ ಮುಖ್ಯ. ಕೂಲಿ ದುಬಾರಿಯಾಗಿದ್ದ ಕಡೆಗೆ ಹೊಂದಿಸಿದ ಉತ್ತರವದು. ದೇವನಹಳ್ಳಿ ಪಕ್ಕದ ಸಾದರಹಳ್ಳಿ ಬೂದುಕಲ್ಲು, ಶಹಾಬಾದಿನ ಫರಸಿ, ಕರಾವಳಿಯ ಮುರಕಲ್ಲು ಇವೆಲ್ಲ ಕೈಗೆಟಕುವ, ಅವನ್ನು ಕಡಿದು ಕೂರಿಸುವ ಕೆಲಸಗಾರರೂ ಇರುವ ಕರ್ನಾಟಕದಲ್ಲಿ ಅದೇ ಉತ್ತರ ಹಾಗೆಯೇ ಸರಿಹೊಂದಬೇಕಾಗಿಲ್ಲ.

ಮೇಲ್ಮೈಯ ಆಯ್ಕೆಗಳು

ಎಲ್ಲಕ್ಕಿಂತ ಸರಳವಾದದ್ದು ಪೊರಕೆ ಗೀರು. ಕಾಂಕ್ರೀಟನ್ನು ಮಟ್ಟಗೋಲಿನಿಂದ ಎಳೆದು, ಮೇಲೆ ತೇಲಿದ ನೀರು ಆರಿದ ಮೇಲೆ ಗಡಸು ಪೊರಕೆಯನ್ನು ಒಂದೇ ದಿಕ್ಕಿಗೆ ಎಳೆಯುವುದು. ಅಂಚಿಗೆ ಮೂರು ಇಂಚು ಕರಣೆಯಿಂದ ನಯಮಾಡಿದ ಚೌಕಟ್ಟು ಬಿಟ್ಟರೆ ಇದೇ ಒಂದು ಅಲಂಕಾರ. ಜಾರುವುದಿಲ್ಲ, ಹೊಸ ಸಾಮಗ್ರಿ ಬೇಡ, ಯಾವ ಮೇಸ್ತ್ರಿಗೂ ಬರುತ್ತದೆ. ಇಷ್ಟು ಅಗ್ಗದ್ದನ್ನು ಯಾರೂ ಮಾರಲು ಬರುವುದಿಲ್ಲ ಎಂಬುದೇ ಇದರ ಕೊರತೆ.

ಎರಡನೆಯದು ಬಣ್ಣ. ಕೆಂಪು, ಹಳದಿ, ಕಪ್ಪು ಬಣ್ಣಗಳಿಗೆ ಕಬ್ಬಿಣದ ಆಕ್ಸೈಡೇ ಗತಿ; ಬಿಸಿಲಿಗೆ ಬಾಡದವು ಅವೇ. ಸಿಮೆಂಟಿನ ತೂಕದ ಶೇಕಡಾ 3ರಿಂದ 6ರಷ್ಟು ಸಾಕು. ಶೇಕಡಾ 10 ಮೀರಿದರೆ ಬಣ್ಣ ಹೆಚ್ಚುವುದಿಲ್ಲ, ಕಾಂಕ್ರೀಟಿನ ಬಲ ಕುಗ್ಗುತ್ತದೆ. ಇಡೀ ಹಾಸಿಗೆ ಬೆರೆಸಿದರೆ ಅಂಚು ಮುಕ್ಕಾದರೂ ಒಳಗೆ ಅದೇ ಬಣ್ಣ. ಮೇಲೆ ಮಾತ್ರ ಎರಚುವ ಗಡಸು ಪುಡಿಯಾದರೆ ಚದರ ಮೀಟರಿಗೆ 3ರಿಂದ 5 ಕಿಲೋ ಹಿಡಿಯುತ್ತದೆ. ಬಣ್ಣ ದಟ್ಟವಾಗಿರುತ್ತದೆ, ಆದರೆ ಸವೆದ ಕಡೆ ಬೂದು ಇಣುಕುತ್ತದೆ. ಸಿಮೆಂಟಿನ ಸ್ವಂತ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಹಾರುಬೂದಿ ಬೆರೆತ ಪಿಪಿಸಿ ಸಾಮಾನ್ಯವಾಗಿ ಕಪ್ಪಿನ ಕಡೆಗೆ ವಾಲುತ್ತದೆ. ತೋರಣಗಲ್ಲಿನಂಥ ಉಕ್ಕಿನ ಕುಲುಮೆಗಳ ಕಿಟ್ಟದಿಂದಾಗುವ ಸ್ಲ್ಯಾಗ್ ಸಿಮೆಂಟ್ ತಿಳಿಯಾಗಿರುವುದರಿಂದ ಹಳದಿ, ಮರಳುಬಣ್ಣ ಅದರಲ್ಲಿ ಚೆನ್ನಾಗಿ ಏಳುತ್ತವೆ.

ಮೂರನೆಯದು ಅಚ್ಚೊತ್ತಿದ್ದು, ಗುತ್ತಿಗೆದಾರರ ಬಾಯಲ್ಲಿ ಸ್ಟ್ಯಾಂಪ್ಡ್. ಬಣ್ಣದ ಪುಡಿ ಎರಚಿ ಉಜ್ಜಿ, ಅಚ್ಚು ಅಂಟದಂತೆ ಇನ್ನೊಂದು ಪುಡಿ ಉದುರಿಸಿ, ರಬ್ಬರ್ ಚಾಪೆಗಳನ್ನು ಸಾಲಾಗಿ ಇಟ್ಟು ಮೇಲೆ ನಿಂತು ತಟ್ಟುತ್ತಾರೆ. ಒತ್ತಿದ ಹೆಬ್ಬೆರಳಿಗೆ ಸಿಮೆಂಟ್ ಅಂಟದೆ ತಗ್ಗು ಮಾತ್ರ ಉಳಿಯುವ ಹೊತ್ತೇ ಹದ. ಏಪ್ರಿಲ್ ಬಿಸಿಲಿನಲ್ಲಿ ಈ ಹದ ತುಸು ಹೊತ್ತಿನಲ್ಲೇ ಓಡಿಹೋಗುತ್ತದೆ. ಒಂದು ತುದಿಯಲ್ಲಿ ಅಚ್ಚು ಆಳಕ್ಕೆ, ಇನ್ನೊಂದು ತುದಿಯಲ್ಲಿ ಬರೀ ಗುರುತು. ಅದರ ಮೇಲೆ ಸೀಲರ್ ಬಳಿಯಬೇಕು, ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಹೊಳಪಿನ ಸೀಲರ್ ಮಳೆಯಲ್ಲಿ ಜಾರುತ್ತದೆ. ತೇವ ಒಳಗೆ ಸಿಕ್ಕಿಕೊಂಡರೆ ಹಾಲಿನಂತೆ ಬೆಳ್ಳಗಾಗುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ರಿಪೇರಿ. ಕೆಳಗಿನ ಪೈಪ್ ಒಡೆದು ಒಂದು ತುಂಡು ಅಗೆದರೆ ಅದೇ ಬಣ್ಣ, ಅದೇ ಅಚ್ಚಿನ ಆಳ ಮತ್ತೆ ಸಿಗುವುದಿಲ್ಲ. ತೇಪೆ ಕೊನೆಯವರೆಗೂ ತೇಪೆಯಾಗಿಯೇ ಕಾಣುತ್ತದೆ.

ನಾಲ್ಕನೆಯದು ಜಲ್ಲಿ ತೋರಿಸುವುದು. ಹಾಸಿದ ಕಾಂಕ್ರೀಟಿನ ಮೇಲೆ ಸಿಮೆಂಟ್ ಗಟ್ಟಿಯಾಗುವುದನ್ನು ತಡಮಾಡುವ ದ್ರಾವಣ ಸಿಂಪಡಿಸಿ (ಸಕ್ಕರೆಗೂ ಈ ಗುಣವಿದೆ), ಒಳಗೆ ಬಿಗಿದ ಮೇಲೆ ಮೇಲ್ಪದರವನ್ನು ನೀರು, ಬ್ರಷ್‌ನಿಂದ ತೊಳೆಯುತ್ತಾರೆ. ಕಡಲೆಬೀಜದ ಚಿಕ್ಕಿಯಲ್ಲಿನ ಕಾಳಿನಂತೆ ಜಲ್ಲಿಗಳು ಮುಖ ತೋರಿಸುತ್ತವೆ. ಕಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೊರಬಂದರೆ ಉದುರುತ್ತದೆ. ಬೇಬಿ ಜಲ್ಲಿಯೇ ಸಾಕು. ಬೂದು, ಕಪ್ಪು, ತಿಳಿಗೆಂಪು ಯಾವುದಾದರೂ ಹತ್ತಿರದ ಕ್ರಷರಿನಲ್ಲಿ ಸಿಗುವಂಥದ್ದು. ಇಲ್ಲಿ ಬಣ್ಣ ಕಲ್ಲಿನದೇ ಆದ್ದರಿಂದ ಬಾಡುವ ಪ್ರಶ್ನೆ ಇಲ್ಲ, ಒರಟು ಇರುವುದರಿಂದ ಕಾಲು ಜಾರುವುದೂ ಕಡಿಮೆ. ಬರಿಗಾಲಿಗೆ ತುಸು ಚುಚ್ಚುತ್ತದೆ. ಗುಂಡಾದ ಸಣ್ಣ ಕಲ್ಲು ಆರಿಸಿದರೆ ಅದೂ ತಗ್ಗುತ್ತದೆ.

ರೆಡ್ ಆಕ್ಸೈಡ್ ನೆಲ ಮತ್ತು ಮೊಸಾಯಿಕ್ ನಮ್ಮ ಸ್ವಂತ ಅಲಂಕಾರದ ಸಿಮೆಂಟ್ ಪರಂಪರೆ. ಮೈಸೂರಿನಿಂದ ಮಂಗಳೂರಿನವರೆಗೆ ಹಳೆಯ ಮನೆಗಳ ಪಡಸಾಲೆಯಲ್ಲಿ ದಶಕಗಟ್ಟಲೆ ತುಳಿದು ಹೊಳಪೇರಿದ ನೆಲಗಳು ಇನ್ನೂ ಇವೆ. ಆದರೆ ಅವು ನೆರಳಿನ ಮಕ್ಕಳು. ತೆಳುವಾದ ಬಣ್ಣದ ಪದರು ಬಿಸಿಲಿಗೆ ಸೀಳುತ್ತದೆ, ನಯವಾದ ಮೈ ನೀರಿಗೆ ಜಾರುತ್ತದೆ. ಸೂರಿನಡಿಯ ಜಗಲಿಗೆ, ಸಿಟೌಟಿಗೆ ಇಂದಿಗೂ ಒಳ್ಳೆಯ ಆಯ್ಕೆ, ತೆರೆದ ಅಂಗಳಕ್ಕಲ್ಲ.

ಇನ್ನುಳಿದದ್ದು ಇಂಟರ್‌ಲಾಕ್. ಕಾರ್ಖಾನೆಯಲ್ಲಿ ಒತ್ತಿ ತಯಾರಾದ, ಐಎಸ್ 15658 ಮಾನಕದ ಬಿಲ್ಲೆಗಳು. ನಡೆದಾಡಲು 50ರಿಂದ 60 ಮಿಲಿಮೀಟರ್, ಕಾರು ಬರುವಲ್ಲಿ 60ರಿಂದ 80 ದಪ್ಪ. ಎಬ್ಬಿಸಿ ಪೈಪ್ ಸರಿಮಾಡಿ ಮತ್ತೆ ಕೂರಿಸಬಹುದು ಎಂಬುದು ಇದರ ದೊಡ್ಡ ಗುಣ. ಸಂದಿಯಲ್ಲಿ ಹುಲ್ಲು, ಇರುವೆ ಏಳುವುದು ಎಲ್ಲರಿಗೂ ಗೊತ್ತು. ಬಾಗುವ ದಾರಿಗೆ ಅಂಚಿನಲ್ಲಿ ಒಂದೊಂದೇ ಬಿಲ್ಲೆ ಕತ್ತರಿಸಬೇಕು. ಅಲ್ಲಿ ಎರೆದ ಕಾಂಕ್ರೀಟೇ ಮೇಲು.

ಕೆಳಗಿನ ಮಣ್ಣು ಹೇಳುವುದೇನು?

ಅಂಗಳ ಕೆಡುವುದು ಹೆಚ್ಚಾಗಿ ಕೆಳಗಿನಿಂದ. ಪಾಯ ತೋಡಿದಾಗ ಎದ್ದ ಮಣ್ಣನ್ನೇ ಮನೆಯ ಸುತ್ತ ತುಂಬಿರುತ್ತಾರೆ. ಒಂದು ಎರಡು ಮಳೆಗಾಲ ಕುಡಿದು ಅದು ಕುಗ್ಗುತ್ತದೆ, ಅದರ ಮೇಲಿನ ಹಾಸು ಗೋಡೆಯ ಬದಿಯಲ್ಲೇ ತಗ್ಗಿ, ನೀರು ಪಾಯದ ಕಡೆ ತಿರುಗುತ್ತದೆ. ಗೃಹಪ್ರವೇಶಕ್ಕೆ ಮೊದಲೇ ಅಂಗಳ ಮುಗಿಯಬೇಕೆಂಬ ಆತುರ ತರುವ ಫಲ ಇದು. ಒಂದು ಮಳೆಗಾಲ ಕಾಯಲು ಆಗದಿದ್ದರೆ ಮಣ್ಣನ್ನು ಆರಾರು ಇಂಚಿನ ಪದರಾಗಿ ತುಂಬಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಬೇಕು. ಅದರ ಮೇಲೆ ನಾಲ್ಕು ಇಂಚು ಜಲ್ಲಿ ಅಥವಾ ಗರಸು, ಆಮೇಲೆ ನಾಲ್ಕು ಇಂಚು ಕಾಂಕ್ರೀಟು. ಕಾರು ನಿಲ್ಲುವ ಕಡೆ ಐದರಿಂದ ಆರು ಇಂಚು. ಕಬ್ಬಿಣದ ಜಾಲರಿ ಹಾಕುವುದಾದರೆ ಹಾಸಿನ ಮೇಲಿನ ಮೂರನೇ ಭಾಗದಲ್ಲಿ ನಿಲ್ಲಬೇಕು. ನೆಲಕ್ಕೆ ಅಂಟಿ ಮಲಗಿದ ಜಾಲರಿಯಿಂದ ಬಿರುಕು ನಿಲ್ಲುವುದಿಲ್ಲ.

ಧಾರವಾಡ, ಗದಗ, ವಿಜಯಪುರ, ಕಲಬುರಗಿಯ ಎರೆಮಣ್ಣಿನ ಕಥೆ ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ನೆಲ ನಾಲ್ಕು ಇಂಚಿನ ಹಾಸನ್ನು ಎತ್ತಿ ಎತ್ತಿ ಹಾಕುತ್ತದೆ. ಎರೆಯನ್ನು ಆದಷ್ಟು ಆಳಕ್ಕೆ ತೆಗೆದು ಉಬ್ಬದ ಗರಸು ತುಂಬಿ ಬಿಗಿಮಾಡಬೇಕು. ಅಷ್ಟು ಖರ್ಚು ಬೇಡವೆಂದರೆ ಎರೆದ ಕಾಂಕ್ರೀಟಿನ ಆಸೆಯನ್ನೇ ಬಿಟ್ಟು, ಮರಳಿನ ಮೇಲೆ ಫರಸಿ ಅಥವಾ ಇಂಟರ್‌ಲಾಕ್ ಕೂರಿಸುವುದು ಜಾಣತನ; ನೆಲ ಅಲುಗಾಡಿದರೆ ಎಬ್ಬಿಸಿ ಮಟ್ಟಮಾಡಬಹುದು.

ಕರಾವಳಿ, ಮಲೆನಾಡಿನ ಮುರಮಣ್ಣು ನೀರನ್ನು ಬೇಗ ಹೀರುತ್ತದೆ, ನೆಲ ಗಟ್ಟಿ. ಅಲ್ಲಿನ ವೈರಿ ಹಾವಸೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮೀರಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಅಂಗಳ ಒಣಗುವುದೇ ಇಲ್ಲ. ಜಾರದಿರಲೆಂದು ಅಡಿಕೆ ದಬ್ಬೆ, ಸೋಗೆ ಹಾಸುವ ರೂಢಿ ಅಲ್ಲಿ ಸುಮ್ಮನೆ ಬಂದದ್ದಲ್ಲ. ಇಂಥ ಕಡೆ ಹೊಳಪಿನ ಸೀಲರ್ ಬಳಿದ ಅಚ್ಚಿನ ನೆಲ ಮುದುಕರಿಗೂ ಮಕ್ಕಳಿಗೂ ಅಪಾಯ. ಅಡಿಕೆ ಒಣಗಿಸುವ ಅಂಗಳವನ್ನು ಸಿಮೆಂಟ್ ಮಾಡಿಸುವವರಿಗೆ ವಿನ್ಯಾಸಕ್ಕಿಂತ ಚೊಕ್ಕ, ಗುಡಿಸಲು ಸುಲಭವಾದ ಮೈ ಮುಖ್ಯ. ಅವರು ಪೊರಕೆ ಗೀರನ್ನೂ ಸಣ್ಣದಾಗಿ ಎಳೆಸುವುದು ಒಳ್ಳೆಯದು.

ಬಿರುಕಿಗೆ ಜಾಗ ಕೊಡುವ ಕಲೆ

ಕಾಂಕ್ರೀಟು ಒಣಗುತ್ತ ಮೀಟರಿಗೆ ಅರ್ಧ ಮಿಲಿಮೀಟರಿನ ಆಸುಪಾಸು ಕುಗ್ಗುತ್ತದೆ. ಇಪ್ಪತ್ತು ಅಡಿ ಉದ್ದದ ಹಾಸಿನಲ್ಲಿ ಅದು ಮೂರು ಮಿಲಿಮೀಟರ್. ಅಷ್ಟು ಬಿರುಕು ಬಂದೇ ಬರುತ್ತದೆ. ಅದು ಎಲ್ಲಿ ಬರಬೇಕೆಂದು ನಾವು ಹೇಳಬಹುದು. ಹಾಸಿನ ದಪ್ಪದ 24ರಿಂದ 30 ಪಟ್ಟು ಅಂತರಕ್ಕೊಂದು ಸಂದು ಬೇಕು ಎಂಬುದು ರೂಢಿಯ ಸೂತ್ರ. ನಾಲ್ಕು ಇಂಚಿಗೆ ಎಂಟರಿಂದ ಹತ್ತು ಅಡಿ. ಸಂದಿನ ಆಳ ದಪ್ಪದ ಕಾಲುಭಾಗ, ಅಂದರೆ ಒಂದು ಇಂಚು. ಗರಗಸದಿಂದ ಕೊಯ್ಯುವುದಾದರೆ ಅಂದೇ ಸಂಜೆ ಅಥವಾ ಮರುದಿನ ಬೆಳಗ್ಗೆ; ಮೂರು ದಿನ ಬಿಟ್ಟು ಯಂತ್ರ ತರುವ ಹೊತ್ತಿಗೆ ಬಿರುಕು ತನ್ನ ದಾರಿ ಹಿಡಿದಾಗಿರುತ್ತದೆ. ಮೂರು ಅಡಿ ಅಗಲದ ಕಾಲುದಾರಿಯಲ್ಲಿ ಮೂರರಿಂದ ನಾಲ್ಕೂವರೆ ಅಡಿಗೊಂದು ಸಂದು. ಗೋಡೆ, ಕಂಬ, ಚೇಂಬರ್ ಮುಚ್ಚಳಗಳ ಸುತ್ತ ಥರ್ಮೊಕೋಲ್ ಪಟ್ಟಿಯಾದರೂ ಇಟ್ಟು ಬಿಡಿಸಬೇಕು.

ವಿನ್ಯಾಸಕಾರನ ಜಾಣ್ಮೆ ಕಾಣುವುದು ಇಲ್ಲೇ. ಅಚ್ಚಿನ ಚಿತ್ರದ ಮೇಲೆ ಆಮೇಲೆ ಅಡ್ಡಾದಿಡ್ಡಿ ಗೀಟು ಕೊಯ್ದರೆ ಎರಡೂ ಹಾಳು. ಮೊದಲು ಸಂದುಗಳ ನಕ್ಷೆ ಬರೆದು, ಅವುಗಳಲ್ಲಿ ಸಾದರಹಳ್ಳಿ ಕಲ್ಲಿನ ಸಣ್ಣ ಪಟ್ಟಿಯನ್ನೋ ಇಟ್ಟಿಗೆಯ ಸಾಲನ್ನೋ ಕೂರಿಸಿದರೆ ಅಗತ್ಯವೇ ಅಲಂಕಾರವಾಗುತ್ತದೆ. ನಮ್ಮ ಮೊಸಾಯಿಕ್ ನೆಲಗಳ ಗಾಜಿನ ಪಟ್ಟಿಗಳು ಮಾಡುತ್ತಿದ್ದ ಕೆಲಸವೂ ಅದೇ.

ನೀರಿನ ವಿಷಯದಲ್ಲಿ ಮೇಸ್ತ್ರಿಯೊಡನೆ ನಿಷ್ಠುರವಾಗಲೇಬೇಕು. ಒಂದು ಚೀಲ ಸಿಮೆಂಟಿಗೆ 25 ಲೀಟರ್, ಮರಳಿನಲ್ಲಿರುವ ತೇವವೂ ಅದರೊಳಗೇ ಸೇರಿ. ಎಳೆಯಲು ಸುಲಭವಾಗಲೆಂದು ಇನ್ನೊಂದು ಕೊಡ ಸುರಿದರೆ ಬಲ ಇಳಿಯುತ್ತದೆ, ಬಣ್ಣ ಪೇಲವವಾಗುತ್ತದೆ, ಒಂದೊಂದು ಕಲಸು ಒಂದೊಂದು ಬಣ್ಣವಾಗುತ್ತದೆ. ಕ್ಯೂರಿಂಗಿಗೆ ಐಎಸ್ 456:2000 ಹೇಳುವುದು ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ ಥರದ ಬೆರಕೆ ಸಿಮೆಂಟಿಗೂ ಒಣ ಬಿಸಿಲಿಗೂ ಕನಿಷ್ಠ 10 ದಿನ. ಬೂದು ಕಾಂಕ್ರೀಟಿಗೆ ಪಾತಿ ಕಟ್ಟಿ ನೀರು ನಿಲ್ಲಿಸುವುದೋ ಗೋಣಿತಾಟು ಹೊದಿಸುವುದೋ ನಡೆಯುತ್ತದೆ. ಬಣ್ಣದ ಕಾಂಕ್ರೀಟಿಗೆ ಗೋಣಿ ಕಲೆ ಬಿಡುತ್ತದೆ, ಪ್ಲಾಸ್ಟಿಕ್ ಹಾಳೆ ಮಡಿಕೆಯ ಗುರುತು ಬಿಡುತ್ತದೆ. ಎಲ್ಲೆಡೆ ಒಂದೇ ಸಮ ನೀರು ಸಿಂಪಡಿಸುವುದು ಅಥವಾ ಬಣ್ಣಕ್ಕೆ ಹೊಂದುವ ಕ್ಯೂರಿಂಗ್ ದ್ರಾವಣ ಬಳಿಯುವುದು ಸರಿ. ಮೊದಲ ತಿಂಗಳುಗಳಲ್ಲಿ ಮೈಮೇಲೆ ಬಿಳಿ ಉಪ್ಪು ಹೂತರೆ ಗಾಬರಿ ಬೇಡ. ಒಣ ಬ್ರಷ್‌ನಿಂದ ಉಜ್ಜಬೇಕು. ಅದು ನಿಲ್ಲುವ ಮೊದಲೇ ಸೀಲರ್ ಬಳಿದರೆ ಉಪ್ಪು ಒಳಗೇ ಉಳಿಯುತ್ತದೆ.

ಮಳೆ, ಮರ, ಬಿಸಿಲು

ಹದಿನೈದು ಇಪ್ಪತ್ತು ಅಡಿಯ ಅಂಗಳ, ಅಂದರೆ 300 ಚದರ ಅಡಿ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿಲಿಮೀಟರ್. ಲೆಕ್ಕ ಹಾಕಿದರೆ ಅಷ್ಟು ಜಾಗದ ಮೇಲೆ ವರ್ಷಕ್ಕೆ 27,000 ಲೀಟರ್ ನೀರು ಬೀಳುತ್ತದೆ. ಮಣ್ಣಾಗಿದ್ದರೆ ಬಹುಪಾಲು ಇಂಗುತ್ತಿತ್ತು. ಕಾಂಕ್ರೀಟಾದರೆ ಬಹುಪಾಲು ಹರಿದು ರಸ್ತೆ ಸೇರುತ್ತದೆ. 2009ರಿಂದ ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದರೂ ಹೆಚ್ಚಿನವರು ಲೆಕ್ಕ ಹಿಡಿಯುವುದು ತಾರಸಿಯನ್ನು ಮಾತ್ರ. ಅಂಗಳಕ್ಕೆ 60ಕ್ಕೆ 1ರ ಇಳಿಜಾರು, ಅಂದರೆ ಇಪ್ಪತ್ತು ಅಡಿಗೆ ನಾಲ್ಕು ಇಂಚು, ಮನೆಯಿಂದ ಹೊರಕ್ಕೆ ಇರಲಿ. ಆ ನೀರು ಗೇಟಿಗೆ ಹೋಗದೆ ಗಿಡದ ಪಾತಿಗೋ ಇಂಗುಗುಂಡಿಗೋ ಹೋಗಲಿ. ಮರಳಿಲ್ಲದೆ ಜಲ್ಲಿ, ಸಿಮೆಂಟಿನಿಂದಷ್ಟೇ ಮಾಡುವ ನೀರಿಳಿಯುವ ಕಾಂಕ್ರೀಟೂ ಉಂಟು. ಅದರ ಶೇಕಡಾ 15ರಿಂದ 25 ಭಾಗ ಬರೀ ಪೊಳ್ಳು. ಮರದ ಎಲೆ, ಧೂಳು ತುಂಬಿದರೆ ಮುಚ್ಚಿಹೋಗುವುದರಿಂದ ಆಗಾಗ ತೊಳೆಯುವವರಿಗೆ ಮಾತ್ರ ಅದು ಸರಿ.

ಮರದ ಬುಡಕ್ಕೆ ಕಾಂಕ್ರೀಟು ಮೆತ್ತುವುದು ಎರಡೂ ಕಡೆಗೆ ನಷ್ಟ. ಬೇರಿಗೆ ಗಾಳಿ ನೀರು ಸಿಗುವುದಿಲ್ಲ, ಬೇರು ದಪ್ಪವಾದಂತೆ ಹಾಸು ಏಳುತ್ತದೆ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ಮನೆಯ ತೋಟಕ್ಕೂ ಅದು ಒಳ್ಳೆಯ ಅಳತೆ. ಇನ್ನು ಬಿಸಿಲು: ಕಪ್ಪು, ಗಾಢ ಬಣ್ಣದ ನೆಲ ಮಧ್ಯಾಹ್ನ ಕಾಲಿಡಲು ಬಿಡುವುದಿಲ್ಲ. ಚಿತ್ರದಲ್ಲಿ ಸೊಗಸಾಗಿ ಕಾಣುವ ಕರಿಬಣ್ಣ ರಾಯಚೂರಿನ ಮೇ ತಿಂಗಳಿಗೆ ಹೇಳಿದ್ದಲ್ಲ.

ಲೆಕ್ಕ ಮತ್ತು ತೀರ್ಮಾನ

ಅದೇ 300 ಚದರ ಅಡಿಗೆ ನಾಲ್ಕು ಇಂಚು ಹಾಸಲು 100 ಘನ ಅಡಿ ಕಾಂಕ್ರೀಟು ಬೇಕು. ಒಂದಕ್ಕೆ ಒಂದೂವರೆ, ಮೂರರ ಕಲಸಿಗೆ ಸುಮಾರು 23 ಚೀಲ ಸಿಮೆಂಟ್. ಇಡೀ ಹಾಸಿಗೆ ಶೇಕಡಾ 4ರಷ್ಟು ಬಣ್ಣ ಬೆರೆಸಿದರೆ 46 ಕಿಲೋ ಆಕ್ಸೈಡ್. ಒಂದು ಟನ್ ಸಿಮೆಂಟಿನ ಹಿಂದೆ ಅರ್ಧ ಟನ್ನಿಗೂ ಮೀರಿದ ಇಂಗಾಲದ ಡೈಆಕ್ಸೈಡ್ ಇದೆ ಎಂಬುದನ್ನೂ ನೆನೆದರೆ, ತೋಟವನ್ನೆಲ್ಲ ಹಾಸಿ ಮುಚ್ಚುವ ಉಮೇದು ತಾನಾಗಿ ಇಳಿಯುತ್ತದೆ. ನಡೆಯಲು ಮೂರು ಅಡಿ, ಇಬ್ಬರು ಜೊತೆಯಾಗಿ ಹೋಗಲು ಅಥವಾ ಗಾಲಿಕುರ್ಚಿಗೆ ನಾಲ್ಕು ಅಡಿ, ಕೂರಲು ಮೇಜಿನ ಸುತ್ತ ಹತ್ತು ಹನ್ನೆರಡು ಅಡಿ ಚೌಕ. ಇದಕ್ಕಿಂತ ಹೆಚ್ಚು ಹಾಸುವ ಅಗತ್ಯ ಹೆಚ್ಚಿನ ಮನೆಗಳಿಗಿಲ್ಲ.

ಹಾಗಾದರೆ ಯಾವುದಕ್ಕೆ ಯಾವುದು? ನೇರ ಗೆರೆಯ, ಚೌಕದ ಅಂಗಳಕ್ಕೆ ಕಲ್ಲನ್ನೇ ಹಾಸಿ. ನಕಲಿಗಿಂತ ಅಸಲು ಇಲ್ಲಿ ಸುಲಭ, ತುಂಡು ಒಡೆದರೆ ತುಂಡೇ ಬದಲಿಸಬಹುದು. ಕೆಳಗೆ ಪೈಪು, ತಂತಿ ಓಡುವ ಕಾರಿನ ದಾರಿಗೆ, ಎರೆ ನೆಲಕ್ಕೆ ಇಂಟರ್‌ಲಾಕ್. ಗಿಡಗಳ ನಡುವೆ ಬಳುಕುವ ದಾರಿ, ಮರ ಬಳಸಿ ಹೋಗುವ ಅಂಚು, ಮೆಟ್ಟಿಲಿಲ್ಲದೆ ಇಳಿಯುವ ಇಳಿಜಾರು, ಇವೆಲ್ಲ ಎರೆದ ಕಾಂಕ್ರೀಟಿನ ಸ್ವಂತ ಜಾಗ. ಅಲ್ಲಿ ಜಲ್ಲಿ ತೋರಿಸಿದ ಮೈ ಅಥವಾ ಪೊರಕೆ ಗೀರು ಸಾಕು. ಅಚ್ಚೊತ್ತಿದ್ದೇ ಬೇಕೆಂಬ ಮನಸ್ಸಿದ್ದರೆ ಸೂರಿನಡಿಯ ಸಣ್ಣ ಸಿಟೌಟಿಗೆ, ಹೊಳಪಿಲ್ಲದ ಸೀಲರ್‌ನೊಂದಿಗೆ, ತಂಪು ತಿಂಗಳಲ್ಲಿ ಮಾಡಿಸಿ.

ಗುತ್ತಿಗೆದಾರರನ್ನು ಆರಿಸುವಾಗ ಹೊಸ ಕೆಲಸದ ಚಿತ್ರ ಕೇಳಬೇಡಿ. ಮೂರು ನಾಲ್ಕು ವರ್ಷದ ಹಿಂದೆ ಅವರು ಹಾಸಿದ ನೆಲವನ್ನು ಮಳೆ ನಿಂತ ದಿನ ಹೋಗಿ ನೋಡಿ. ನೀರು ಎಲ್ಲಿ ನಿಂತಿದೆ, ಬಿರುಕು ಸಂದಿನೊಳಗಿದೆಯೋ ಹೊರಗಿದೆಯೋ, ಕಾಲು ಜಾರುತ್ತದೋ ಎಂಬುದು ಅಲ್ಲೇ ತಿಳಿಯುತ್ತದೆ. ದರಪಟ್ಟಿಯಲ್ಲಿ ಮಣ್ಣು ಬಿಗಿಮಾಡುವುದು, ಇಳಿಜಾರು, ಸಂದುಗಳ ನಕ್ಷೆ, ಕ್ಯೂರಿಂಗ್ ದಿನಗಳು ಇವು ಬೇರೆ ಬೇರೆ ಸಾಲುಗಳಾಗಿ ಬರೆದಿರಬೇಕು. ಹಣ ಸಾಲದೆ ಏನನ್ನಾದರೂ ಬಿಡಬೇಕಾಗಿ ಬಂದರೆ ಬಣ್ಣವನ್ನು ಬಿಡಿ, ಅಚ್ಚನ್ನು ಬಿಡಿ. ಆ ನಾಲ್ಕು ಸಾಲುಗಳಲ್ಲಿ ಒಂದನ್ನೂ ಬಿಡಬೇಡಿ.